ಸಹಿ ಒಂದೇ ಸಾಲದು: ಬಿ.ಇಡಿ. ಮಾರ್ಗದರ್ಶಕರಿಂದ ಏನು ಕೇಳಬೇಕು, ಹೇಗೆ ಪಡೆಯಬೇಕು?

ಬೆಳಿಗ್ಗೆ ಒಂಬತ್ತೂವರೆಗೆ ಯಾವುದಾದರೂ ಬಿ.ಇಡಿ. ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೋಡಿ. ಪಾಠಯೋಜನೆಯ ಪುಸ್ತಕ ಹಿಡಿದು ಪ್ರಶಿಕ್ಷಣಾರ್ಥಿಗಳು ಸಾಲಾಗಿ ನಿಂತಿರುತ್ತಾರೆ. ‘ಸರ್, ಎರಡನೇ ಪೀರಿಯಡ್ಡೇ ಲೆಸನ್ ಇದೆ, ಒಂದು ಸೈನ್ ಹಾಕಿಬಿಡಿ ಸರ್.’ ಸರ್ ಪುಟ ತಿರುವುತ್ತಾರೆ, ಒಂದು ಕಡೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಾರೆ, ಸಹಿ ಹಾಕುತ್ತಾರೆ. ಅಲ್ಲಿಗೆ ಆ ದಿನದ ಮಾರ್ಗದರ್ಶನ ಮುಗಿಯಿತು.

ಮನಶ್ಶಾಸ್ತ್ರದ ನೋಟ್ಸು ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನಿಮ್ಮ ಪಾಠವನ್ನು ಪೂರ್ತಿ ನೋಡಿ, ಆಮೇಲೆ ಅದರ ಬಗ್ಗೆ ನಿಮ್ಮೊಡನೆ ಕೂತು ಮಾತಾಡುವ ಅನುಭವಿಗಳು ಕೆಲಸಕ್ಕೆ ಸೇರಿದ ಮೇಲೆ ಸಿಗುವುದು ಅಪರೂಪ. ಬಿ.ಇಡಿ. ಓದುವಾಗ ಅಂಥವರು ಎದುರಿಗೇ ಇರುತ್ತಾರೆ. ಅವರ ಬಳಿಗೆ ಸಹಿ ಕೇಳಲು ಹೋಗುವುದಕ್ಕೂ ಪ್ರಶ್ನೆ ಹಿಡಿದು ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಯಾವ ಹಂತದಲ್ಲಿ ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಇಲ್ಲಿ ನೋಡೋಣ.

ಯಾರ ಬಳಿ ಯಾವುದಕ್ಕೆ?

‘ಗೈಡ್’ ಎಂದು ನಾವು ಕರೆಯುವುದು ಒಬ್ಬರನ್ನೇ ಆದರೂ, ಪ್ರಶಿಕ್ಷಣಾರ್ಥಿಗೆ ಸಾಮಾನ್ಯವಾಗಿ ಮೂವರು ಮಾರ್ಗದರ್ಶಕರು ಇರುತ್ತಾರೆ.

ಮೊದಲನೆಯವರು ವಿಧಾನ ಉಪನ್ಯಾಸಕರು, ಅಂದರೆ ಮೆಥಡ್ ಸರ್ ಅಥವಾ ಮೇಡಂ. ಕನ್ನಡ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಹೀಗೆ ನಿಮ್ಮ ಬೋಧನಾ ವಿಷಯವನ್ನು ಹೇಗೆ ಕಲಿಸಬೇಕೆಂದು ತಿಳಿಸುವವರು ಇವರೇ. ಪಾಠಯೋಜನೆ, ಬೋಧನೋಪಕರಣ, ಪಾಠ ವೀಕ್ಷಣೆ, ಘಟಕ ಪರೀಕ್ಷೆಯ ನೀಲನಕ್ಷೆ ಎಲ್ಲವೂ ಇವರ ವ್ಯಾಪ್ತಿಗೆ ಬರುತ್ತವೆ.

ಎರಡನೆಯವರು ಮೆಂಟರ್. ಕಾಲೇಜು ಪ್ರತಿ ಉಪನ್ಯಾಸಕರಿಗೂ ಒಂದಷ್ಟು ವಿದ್ಯಾರ್ಥಿಗಳನ್ನು ಹಂಚಿರುತ್ತದೆ. ಹಾಜರಾತಿ, ಶುಲ್ಕ, ವಿದ್ಯಾರ್ಥಿವೇತನ, ಮನೆಯ ತೊಂದರೆ, ಓದು ಬಿಟ್ಟುಬಿಡೋಣ ಅನ್ನಿಸುವ ದಿನಗಳು, ಮುಂದಿನ ಉದ್ಯೋಗ, ಇವುಗಳಿಗೆ ಇವರ ಬಳಿ ಹೋಗಬೇಕು.

ಮೂರನೆಯವರು ಇಂಟರ್ನ್‌ಶಿಪ್ ಶಾಲೆಯ ವಿಷಯ ಶಿಕ್ಷಕರು. ತರಗತಿ ಅವರದು. ಯಾವ ಮಗು ಹಿಂದಿನ ವಾರ ಬಂದಿರಲಿಲ್ಲ, ಯಾರಿಗೆ ಬೋರ್ಡು ಸರಿಯಾಗಿ ಕಾಣುವುದಿಲ್ಲ, ಯಾರ ಮನೆಮಾತು ಉರ್ದು ಅಥವಾ ತೆಲುಗು ಎಂಬುದು ಅವರಿಗೆ ಗೊತ್ತಿರುವಷ್ಟು ಕಾಲೇಜಿನವರಿಗೆ ಗೊತ್ತಿರುವುದಿಲ್ಲ.

ಮೆಂಟರ್ ಬಳಿ ಪಾಠಯೋಜನೆ, ವಿಧಾನ ಉಪನ್ಯಾಸಕರ ಬಳಿ ವಿದ್ಯಾರ್ಥಿವೇತನದ ಅರ್ಜಿ ಒಯ್ದು ಅಲೆಯುವವರು ಪ್ರತಿ ವರ್ಷ ಇರುತ್ತಾರೆ. ಕಾಲೇಜು ಸೇರಿದ ಮೊದಲ ವಾರದಲ್ಲೇ ಈ ಮೂವರು ಯಾರು, ಅವರು ಯಾವ ಹೊತ್ತಿಗೆ ಸಿಗುತ್ತಾರೆ ಎಂದು ಬರೆದಿಟ್ಟುಕೊಳ್ಳಿ.

ನಿಯಮದ ಲೆಕ್ಕ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಗಳ ನಂತರ ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು. ಅದರಲ್ಲಿ ಶಾಲೆಯಲ್ಲಿ ಕಳೆಯಬೇಕಾದ ಅವಧಿ ಕನಿಷ್ಠ 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ತರಗತಿ ಪಾಠಗಳಿಗೆ ಶೇ 80ರಷ್ಟು ಹಾಜರಾತಿ ಸಾಕಾದರೆ ಇಂಟರ್ನ್‌ಶಿಪ್‌ಗೆ ಶೇ 90 ಬೇಕು. ಇದನ್ನು ಯಾವ ಸೆಮಿಸ್ಟರ್‌ಗೆ ಎಷ್ಟು ಹಂಚುತ್ತಾರೆ ಎಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗಬಹುದು. ನಿಮ್ಮ ಕಾಲೇಜಿನ ವೇಳಾಪಟ್ಟಿ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಲೆಕ್ಕವೂ ಗೊತ್ತಿರಲಿ. ಅದೇ ನಿಯಮದ ಪ್ರಕಾರ ಎರಡೂ ವರ್ಷ ಸೇರಿ 200 ವಿದ್ಯಾರ್ಥಿಗಳಿರುವ ಕಾಲೇಜಿಗೆ 16 ಪೂರ್ಣಾವಧಿ ಬೋಧಕರು ಇರಬೇಕು. ಅವರಲ್ಲಿ ಬೋಧನಾ ವಿಧಾನದವರು 8. ಅಂದರೆ ಎಲ್ಲ ಹುದ್ದೆಗಳೂ ಭರ್ತಿಯಾಗಿದ್ದರೂ ಒಬ್ಬ ವಿಧಾನ ಉಪನ್ಯಾಸಕರ ಪಾಲಿಗೆ ಸರಾಸರಿ 25 ಮಂದಿ. ಅಷ್ಟೂ ಮಂದಿ ಊರಿನ ನಾಲ್ಕು ಮೂಲೆಯ ಶಾಲೆಗಳಲ್ಲಿ ಇರುವಾಗ ನಿಮ್ಮ ಪ್ರತಿ ಪಾಠಕ್ಕೂ ಅವರು ಬಂದು ಕೂರುತ್ತಾರೆಂದು ಕಾಯುವುದು ವ್ಯರ್ಥ. ಅವರ ಸಮಯ ಕಡಿಮೆ ಇರುವುದರಿಂದಲೇ ಸಿಕ್ಕ ಹತ್ತು ನಿಮಿಷಕ್ಕೆ ನೀವು ತಯಾರಾಗಿ ಹೋಗಬೇಕು.

ಪಾಠಯೋಜನೆ: ಒಂದು ವಾರ ಮೊದಲೇ ತೋರಿಸಿ

ಪಾಠದ ದಿನ ಬೆಳಿಗ್ಗೆ ತೋರಿಸಿದ ಯೋಜನೆಯನ್ನು ತಿದ್ದಲು ಯಾರಿಂದಲೂ ಆಗುವುದಿಲ್ಲ. ಎಲೆಯಲ್ಲಿ ಪಿಷ್ಟವಿದೆಯೇ ಎಂದು ಅಯೋಡಿನ್ ಹಾಕಿ ತೋರಿಸುವ ಪಾಠ ತೆಗೆದುಕೊಳ್ಳಿ. ಅದಕ್ಕೆ ಗಿಡವನ್ನು ಮೊದಲು ಎರಡು-ಮೂರು ದಿನ ಕತ್ತಲೆಯಲ್ಲಿಟ್ಟು, ಆಮೇಲೆ ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲಿಗಿಡಬೇಕು. ಈ ಮಾತನ್ನು ಉಪನ್ಯಾಸಕರು ಪಾಠಕ್ಕೆ ಅರ್ಧ ಗಂಟೆ ಇರುವಾಗ ನೆನಪಿಸಿದರೆ ಮಾಡುವುದೇನು? ಪ್ರಯೋಗದ ಬದಲು ಚಾರ್ಟು ತೂಗುಹಾಕಿ ಬರುತ್ತೀರಿ.

ಈಗ ಅನೇಕ ಕಡೆ ಪಾಠಯೋಜನೆಯನ್ನು ‘ಫೈವ್ ಇ’ ಮಾದರಿಯಲ್ಲಿ ಬರೆಸುತ್ತಾರೆ: ತೊಡಗಿಸುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಮಾಡುವುದು. ಐದೂ ಕಾಲಂ ತುಂಬಿದರೆ ಯೋಜನೆ ಆಯಿತೆಂದುಕೊಳ್ಳಬೇಡಿ. ಕಲಿಕಾ ಫಲದ ಸಾಲನ್ನು ಮೊದಲು ನೋಡಿ. ‘ವಿದ್ಯಾರ್ಥಿಗಳು ದ್ಯುತಿಸಂಶ್ಲೇಷಣೆಯನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆದರೆ, ಅವರಿಗೆ ಅರ್ಥವಾಯಿತೋ ಇಲ್ಲವೋ ಎಂದು ನಿಮಗೆ ತಿಳಿಯುವುದು ಹೇಗೆ? ‘ಬೆಳಕು ಬೀಳದ ಭಾಗ ಅಯೋಡಿನ್ ಹಾಕಿದರೂ ಏಕೆ ನೀಲಿಗಪ್ಪಾಗಲಿಲ್ಲ ಎಂದು ಕಾರಣ ಹೇಳುವರು’ ಎಂದು ಬರೆದರೆ ತರಗತಿಯಲ್ಲೇ ಗೊತ್ತಾಗುತ್ತದೆ.

ಯೋಜನೆ ತೋರಿಸುವಾಗ ‘ಸರಿಯಿದೆಯಾ ಸರ್?’ ಎಂದು ಕೇಳಿದರೆ ‘ಸರಿಯಿದೆ’ ಎಂಬ ಉತ್ತರವೇ ಬರುತ್ತದೆ. ಬದಲಿಗೆ ಈ ಮೂರನ್ನು ಕೇಳಿ:

• ಈ ಪಾಠದಲ್ಲಿ ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?
• ಸಮಯ ಸಾಲದಿದ್ದರೆ ಯಾವ ಭಾಗವನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು?
• ನಾನು ಕೇಳಬೇಕೆಂದಿರುವ ಪ್ರಶ್ನೆಗಳಲ್ಲಿ ಬರೀ ‘ಹೌದು ಸಾರ್, ಇಲ್ಲ ಸಾರ್’ ಎಂದು ಮುಗಿದುಹೋಗುವಂಥವು ಯಾವುವು?

ಅಣುಬೋಧನೆಯನ್ನು ನಾಟಕ ಮಾಡಬೇಡಿ

ಶಾಲೆಗೆ ಹೋಗುವ ಮೊದಲು ಸಹಪಾಠಿಗಳ ಮುಂದೆಯೇ ನಡೆಯುವ ಮೈಕ್ರೋ ಟೀಚಿಂಗ್, ಅಂದರೆ ಅಣುಬೋಧನೆ, 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ಭಾರತದ ಮಾದರಿಯಲ್ಲಿ ಒಂದು ಸುತ್ತು 36 ನಿಮಿಷದ್ದು: 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಇದರ ಜೀವ ಇರುವುದು ಮರುಬೋಧನೆಯಲ್ಲಿ. ನಡೆಯುವುದೇನು? ಒಬ್ಬರು ಬೋಧಿಸುತ್ತಾರೆ, ‘ವಿದ್ಯಾರ್ಥಿ’ಗಳಾಗಿ ಕೂತ ಗೆಳೆಯರು ನಗು ತಡೆದುಕೊಂಡು ಸರಿಯುತ್ತರ ಕೊಡುತ್ತಾರೆ, ಹೊತ್ತಾಯಿತೆಂದು ಮರುಬೋಧನೆಯನ್ನು ಕೈಬಿಡುತ್ತಾರೆ. ಎಲ್ಲ ಕೌಶಲಗಳಿಗೆ ಸಮಯವಿಲ್ಲದಿದ್ದರೆ, ಪ್ರಶ್ನೆ ಕೇಳುವ ಕೌಶಲ ಒಂದರಲ್ಲಾದರೂ ಎರಡನೇ ಸಲ ಬೋಧಿಸಲು ಅವಕಾಶ ಕೊಡಿ ಎಂದು ಉಪನ್ಯಾಸಕರನ್ನು ಕೇಳಿ. ಗೆಳೆಯರಿಗೆ ಒಂದೆರಡು ತಪ್ಪು ಉತ್ತರ ಕೊಡಲು ಹೇಳಿ. ಶಾಲೆಯಲ್ಲಿ ಬರುವುದು ಅಂಥವೇ.

ಪಾಠ ನೋಡಲು ಬಂದವರಿಗೆ ಒಂದು ಕೆಲಸ ಕೊಡಿ

ವೀಕ್ಷಣೆ ಪುಸ್ತಕಗಳಲ್ಲಿ ಪದೇ ಪದೇ ಕಾಣುವ ಷರಾ ಇದು: ‘ಪಾಠ ಚೆನ್ನಾಗಿತ್ತು. ಧ್ವನಿ ಇನ್ನೂ ಜೋರಾಗಿರಲಿ. ಕಪ್ಪುಹಲಗೆ ಬರವಣಿಗೆ ಸುಧಾರಿಸಬೇಕು.’ ಇದನ್ನು ಓದಿ ನಾಳೆಯ ಪಾಠದಲ್ಲಿ ಬದಲಾಯಿಸುವುದು ಏನನ್ನು? ತಪ್ಪು ಪೂರ್ತಿ ಉಪನ್ಯಾಸಕರದಲ್ಲ. ಏನನ್ನು ನೋಡಬೇಕೆಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಪಾಠಕ್ಕೆ ಮೊದಲು ಒಂದೇ ಒಂದು ಸಂಗತಿ ಆರಿಸಿ ಹೇಳಿ: ‘ಮೇಡಂ, ಇವತ್ತು ನಾನು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೇನೆ ಅಂತ ನೋಡ್ತೀರಾ?’ ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ತೋರಿಸಿದ ಪ್ರಕಾರ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಿಗೇ ಮುಂದೆ ಹೋಗುತ್ತಾರೆ. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ನೀವು ಕಾದಿರೋ ಇಲ್ಲವೋ ಎಂಬುದು ಬೋಧಿಸುವ ನಿಮಗೆ ತಿಳಿಯುವುದಿಲ್ಲ. ಹಿಂದೆ ಕೂತವರಿಗೆ ತಿಳಿಯುತ್ತದೆ.

ಅವರು ಬರಲಾಗದ ದಿನ ಗೆಳೆಯರನ್ನೇ ಕೂರಿಸಿ. ತರಗತಿಯ ಬೆಂಚುಗಳ ನಕ್ಷೆ ಬರೆದುಕೊಟ್ಟು, ನೀವು ಯಾರಿಗೆ ಪ್ರಶ್ನೆ ಕೇಳುತ್ತೀರೋ ಅಲ್ಲಿ ಒಂದು ಗೀಟು ಹಾಕಲು ಹೇಳಿ. ಎಲ್ಲ ಗೀಟುಗಳೂ ಮುಂದಿನ ಎರಡು ಬೆಂಚಿನಲ್ಲೇ, ಹುಡುಗರ ಸಾಲಿನಲ್ಲೇ ಬಿದ್ದಿರುವುದು ಕಂಡರೆ ಬೇರೆ ಟೀಕೆ ಬೇಕಾಗಿಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಫ್ಲ್ಯಾಂಡರ್ಸ್ ಅವರ ಹತ್ತು ವರ್ಗಗಳಿಗೂ ಇಲ್ಲಿ ಕೆಲಸವಿದೆ. ಮೂರು ಸೆಕೆಂಡಿಗೊಮ್ಮೆ ಒಂದು ಅಂಕಿ ಬರೆಯುತ್ತ ಹೋದರೆ, ತರಗತಿಯಲ್ಲಿ ಶಿಕ್ಷಕರ ಮಾತೆಷ್ಟು, ಮಕ್ಕಳ ಮಾತೆಷ್ಟು ಎಂಬುದು ಕಾಗದದ ಮೇಲೆ ಬರುತ್ತದೆ. ಆ ಕಾಗದವನ್ನು ಸಂಜೆ ಉಪನ್ಯಾಸಕರ ಮುಂದಿಡಿ.

ಪಾಠದ ನಂತರದ ಹತ್ತು ನಿಮಿಷ

ಒಂದು ಗಣಿತ ಪಾಠವನ್ನು ಊಹಿಸಿಕೊಳ್ಳೋಣ. ಆರನೇ ತರಗತಿ, ಭಿನ್ನರಾಶಿಗಳ ಸಂಕಲನ. ಅರ್ಧ ಮತ್ತು ಮೂರನೇ ಒಂದನ್ನು ಕೂಡಿಸಿ ಎಂದಾಗ ಒಬ್ಬ ಹುಡುಗ 2/5 ಎಂದು ಬರೆದ. ಪ್ರಶಿಕ್ಷಣಾರ್ಥಿ ‘ತಪ್ಪು, ಮೊದಲು ಲ.ಸಾ.ಅ. ತೆಗೀಬೇಕು’ ಎಂದು ಬೋರ್ಡಿನಲ್ಲಿ 5/6 ಮಾಡಿ ತೋರಿಸಿದಳು. ಹುಡುಗ ನೋಟ್ಸಿಗೆ ಇಳಿಸಿಕೊಂಡ. ಪಾಠದ ನಂತರ ನಡೆಯಬೇಕಾದ ಮಾತು ಹೀಗಿರುತ್ತದೆ:

‘ಆ ಹುಡುಗನಿಗೆ 2/5 ಹೇಗೆ ಬಂತಮ್ಮ?’

‘ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿಸಿದ ಸರ್.’

‘ಅವನ ಬಾಯಲ್ಲಿ ಕೇಳಿದ್ರಾ?’

‘ಇಲ್ಲ ಸರ್, ಟೈಮ್ ಇರ್ಲಿಲ್ಲ.’

‘ಸರಿ. 2/5 ದೊಡ್ಡದೋ ಅರ್ಧ ದೊಡ್ಡದೋ?’

‘ಅರ್ಧ ದೊಡ್ಡದು... ಓ! ಅರ್ಧಕ್ಕೆ ಇನ್ನೊಂದಿಷ್ಟು ಕೂಡಿಸಿದ್ರೆ ಕಡಿಮೆ ಆಗೋಕೆ ಸಾಧ್ಯವೇ ಇಲ್ಲ ಅಂತ ಅವನಿಗೇ ಕಾಣಿಸಬಹುದಿತ್ತು.’

‘ನಾಳೆ ಒಂದು ಕಾಗದದ ಪಟ್ಟಿ ತಗೊಂಡು ಹೋಗಿ. ಅದೇ ಲೆಕ್ಕದಿಂದ ಶುರು ಮಾಡಿ.’

ಎರಡೇ ನಿಮಿಷದ ಮಾತು. ಆದರೆ ತಪ್ಪು ಉತ್ತರವನ್ನು ಅಳಿಸಿ ಮುಂದೆ ಹೋಗುವುದರ ಬದಲು ಅದರ ಹಿಂದಿನ ಯೋಚನೆ ಹಿಡಿಯಬೇಕು ಎಂಬ ತಿಳಿವಳಿಕೆ ಅವಳಿಗೆ ಉಳಿಯುತ್ತದೆ. ಉಪನ್ಯಾಸಕರು ಹೀಗೆ ತಾವಾಗಿ ಕೇಳದಿದ್ದರೆ ನೀವೇ ದಾರಿ ಮಾಡಿಕೊಡಿ: ‘ಸರ್, ಆ ಹುಡುಗ 2/5 ಅಂದಾಗ ನಾನು ಬೇರೆ ಏನು ಮಾಡಬಹುದಿತ್ತು?’ ಪಾಠದ ಒಂದು ನಿರ್ದಿಷ್ಟ ಗಳಿಗೆಯನ್ನು ಎತ್ತಿಕೊಂಡರೆ ಸಲಹೆಯೂ ನಿರ್ದಿಷ್ಟವಾಗಿ ಬರುತ್ತದೆ. ಅದನ್ನು ಅಂದೇ ದಿನಚರಿಯಲ್ಲಿ ಎರಡು ಸಾಲು ಬರೆದಿಡಿ. ಮುಂದಿನ ಸಲ ಅದೇ ಸಾಲನ್ನು ತೋರಿಸಿ ‘ಇದನ್ನು ಮಾಡಿದೆ, ಹೀಗಾಯಿತು’ ಎಂದು ಮಾತು ಮುಂದುವರಿಸಿ.

ಇಂಟರ್ನ್‌ಶಿಪ್‌ನ ತೊಡಕುಗಳು

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಶುರುವಾದದ್ದು. ಅಲ್ಲಿ ಪ್ರಾತ್ಯಕ್ಷಿಕೆಯ ಶಾಲೆ ಅದೇ ಆವರಣದಲ್ಲಿದೆ. ಹೆಚ್ಚಿನ ಬಿ.ಇಡಿ. ಕಾಲೇಜುಗಳಿಗೆ ಆ ಅನುಕೂಲವಿಲ್ಲ. ಶಾಲೆ ಒಂದು ಕಡೆ, ಕಾಲೇಜು ಇನ್ನೊಂದು ಕಡೆ, ನಡುವೆ ಸಂದೇಶ ಒಯ್ಯುವವರು ನೀವೇ. ಅಲ್ಲೇ ತೊಡಕು ಹುಟ್ಟುತ್ತದೆ.

ಪಾಠದ ಬದಲು ಬರೀ ಬದಲಿ ಪೀರಿಯಡ್ ನೋಡಿಕೊಳ್ಳಲು, ಅಂಕಪಟ್ಟಿ ತುಂಬಲು ಕೂರಿಸಿದರೆ ಮೊದಲ ವಾರದಲ್ಲೇ ಉಪನ್ಯಾಸಕರಿಗೆ ತಿಳಿಸಿ. ದೂರಿನ ಧಾಟಿ ಬೇಡ. ‘ಈ ವಾರ ಇಷ್ಟು ಪೀರಿಯಡ್ ಸಿಕ್ಕಿತು, ಅದರಲ್ಲಿ ನನ್ನ ವಿಷಯದ್ದು ಇಷ್ಟು’ ಎಂದು ಲೆಕ್ಕ ಕೊಡಿ. ಮುಖ್ಯ ಶಿಕ್ಷಕರ ಜೊತೆ ಮಾತಾಡುವುದು ಕಾಲೇಜಿನ ಕೆಲಸ.

‘ನಮ್ಮ ಪೋರ್ಷನ್ ಮುಗೀಬೇಕು, ನಿಮ್ಮ ಚಟುವಟಿಕೆ ಎಲ್ಲ ಆಮೇಲೆ’ ಎಂದು ಶಾಲೆಯ ಶಿಕ್ಷಕರು ಹೇಳಿದರೆ ಅವರ ಕಷ್ಟವೂ ನಿಜ. ನೀವು ಹೋದ ಮೇಲೆ ಆ ಮಕ್ಕಳನ್ನು ಪರೀಕ್ಷೆಗೆ ಕೂರಿಸುವವರು ಅವರು. ಉಪನ್ಯಾಸಕರು ಒಂದು ಹೇಳಿ, ಶಾಲೆಯ ಶಿಕ್ಷಕರು ಇನ್ನೊಂದು ಹೇಳಿದಾಗ ಇಬ್ಬರ ನಡುವೆ ಮಾತು ದಾಟಿಸಬೇಡಿ. ಉಪನ್ಯಾಸಕರು ಶಾಲೆಗೆ ಬಂದ ದಿನ ಮೂವರೂ ಐದು ನಿಮಿಷ ಕೂತು ಆ ವಾರದ ಘಟಕವನ್ನು ಹಂಚಿಕೊಳ್ಳಿ.

ಭಾಷೆಯ ತೊಡಕನ್ನು ಮುಚ್ಚಿಡಬೇಡಿ. ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿದವರಿಗೆ ಇಂಗ್ಲಿಷ್ ಮಾಧ್ಯಮದ ತರಗತಿ ಸಿಗಬಹುದು. ಪಾಠಕ್ಕೆ ಬೇಕಾದ ಇಪ್ಪತ್ತು ಪದ, ಹತ್ತು ವಾಕ್ಯ ಪಟ್ಟಿ ಮಾಡಿಕೊಂಡು ಉಪನ್ಯಾಸಕರ ಎದುರು ಒಮ್ಮೆ ಹೇಳಿ ನೋಡುವುದು ನಾಚಿಕೆಯ ವಿಷಯವಲ್ಲ.

ಕ್ರಿಯಾ ಸಂಶೋಧನೆಗೆ ವಿಷಯ ಆರಿಸುವಾಗಲಂತೂ ಮಾರ್ಗದರ್ಶಕರು ಬೇಕೇ ಬೇಕು. ‘ಮಕ್ಕಳಲ್ಲಿ ಓದುವ ಹವ್ಯಾಸ’ ಎಂಬುದು ಕೆಲವು ವಾರದಲ್ಲಿ ಮುಗಿಯುವ ವಿಷಯವಲ್ಲ. ‘ಏಳನೇ ತರಗತಿಯ ಆರು ಮಕ್ಕಳು ಒತ್ತಕ್ಷರ ಓದುವಾಗ ಮಾಡುವ ತಪ್ಪುಗಳು’ ಎಂದರೆ ಕೈಗೆ ಎಟಕುತ್ತದೆ. ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಸೀನಿಯರ್‌ಗಳ ರೆಕಾರ್ಡು ಸಿಗುತ್ತದೆ, ನಿಜ. ಅದನ್ನು ನಕಲು ಮಾಡಿದರೆ ಸಹಿ ಸಿಕ್ಕೀತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ‘ಆ ಆರು ಮಕ್ಕಳಲ್ಲಿ ಯಾರು ಸುಧಾರಿಸಲಿಲ್ಲ, ಯಾಕೆ?’ ಎಂದರೆ ಉತ್ತರವಿರುವುದಿಲ್ಲ.

ಇವನ್ನು ಅಂದೇ ಹೇಳಿ

ಕೆಲವು ಸಂಗತಿಗಳನ್ನು ಮುಂದಿನ ಭೇಟಿಗೆಂದು ಇಟ್ಟುಕೊಳ್ಳಬಾರದು. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಗಲಾಟೆ ಮಾಡುವ ತರಗತಿಯನ್ನು ಹತೋಟಿಗೆ ತರಲಾಗದೆ ಕೋಲು ಹಿಡಿಯಬೇಕೆನ್ನಿಸಿದರೆ ಮೊದಲು ಹೋಗಬೇಕಾದದ್ದು ಮಾರ್ಗದರ್ಶಕರ ಬಳಿಗೆ.

ಯಾವುದಾದರೂ ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿದೆ ಎಂದು ನಿಮ್ಮಲ್ಲಿ ಹೇಳಿಕೊಂಡರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವನ್ನು ಕೆದಕಿ ಕೆದಕಿ ಪ್ರಶ್ನಿಸದೆ, ಅದು ಹೇಳಿದ ಮಾತನ್ನು ಹಾಗೆಯೇ ಬರೆದಿಟ್ಟುಕೊಂಡು, ಅಂದೇ ಮುಖ್ಯ ಶಿಕ್ಷಕರಿಗೂ ಮಾರ್ಗದರ್ಶಕರಿಗೂ ತಿಳಿಸಿ. ಅವರಿಗೆ ಹೇಳಿದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯುವುದಿಲ್ಲ. ಪೊಲೀಸರಿಗೆ ವಿಷಯ ಮುಟ್ಟಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮಕ್ಕಳ ಸಹಾಯವಾಣಿ 1098. ಹಾಗೆಯೇ, ಪಾಠದ ಫೋಟೊ, ವಿಡಿಯೊ ತೆಗೆಯುವ ಮೊದಲು ಶಾಲೆಯ ಒಪ್ಪಿಗೆ ಪಡೆಯಿರಿ; ಮಕ್ಕಳ ಮುಖವಿರುವ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ.

ಮುಂದೇನು ಎಂಬ ಪ್ರಶ್ನೆ

ಉದ್ಯೋಗದ ಬಗ್ಗೆ ಕೊನೆಯ ಸೆಮಿಸ್ಟರ್‌ವರೆಗೆ ಕಾಯಬೇಡಿ. ಮೆಂಟರ್ ಜೊತೆ ಎರಡನೇ ವರ್ಷದ ಶುರುವಿನಲ್ಲೇ ಈ ಸಂಗತಿಗಳನ್ನು ಮಾತಾಡಿ.

ಬಿ.ಇಡಿ. ಮಾಡಿದವರು 1ರಿಂದ 5ನೇ ತರಗತಿಯ ಶಿಕ್ಷಕರ ಹುದ್ದೆಗೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಪುಟ್ಟ ಮಕ್ಕಳಿಗೇ ಕಲಿಸಬೇಕೆಂಬ ಆಸೆಯಿದ್ದರೆ ಡಿ.ಇಎಲ್.ಇಡಿ. ದಾರಿಯ ಬಗ್ಗೆ ವಿಚಾರಿಸಿ. 6ರಿಂದ 8ನೇ ತರಗತಿಗೆ ಕರ್ನಾಟಕ ಟಿಇಟಿಯ ಎರಡನೇ ಪತ್ರಿಕೆ ಬರೆಯಬೇಕು. ಒಟ್ಟು 150 ಅಂಕ, ಸಾಮಾನ್ಯ ವರ್ಗಕ್ಕೆ ಶೇ 60 ಬೇಕು, ಪ್ರಮಾಣಪತ್ರ ಜೀವಮಾನ ಪೂರ್ತಿ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ 30 ಅಂಕ ಇರುವುದರಿಂದ ಇಂಟರ್ನ್‌ಶಿಪ್ ದಿನಚರಿ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿಸಬೇಕೆನ್ನುವವರು ಕೇರಳದ ಕೆ-ಟಿಇಟಿ ನಿಯಮಗಳನ್ನು ನೋಡಬೇಕು.

ಪಿಯುಸಿ ಮುಗಿಸಿದ ತಮ್ಮನೋ ತಂಗಿಯೋ ಶಿಕ್ಷಕರಾಗಬೇಕೆಂದರೆ ನಾಲ್ಕು ವರ್ಷದ ಸಂಯೋಜಿತ ಕೋರ್ಸ್, ಐಟಿಇಪಿ, 2023–24ರಿಂದ ಆಯ್ದ ಸಂಸ್ಥೆಗಳಲ್ಲಿ ಶುರುವಾಗಿದೆ. 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ನಿಯಮಗಳು ಬದಲಾಗುತ್ತಿರುವ ಕಾಲ ಇದು. ಅರ್ಜಿ ಹಾಕುವ ಮೊದಲು ಆಯಾ ವರ್ಷದ ಅಧಿಸೂಚನೆಯನ್ನು ಓದಿ.

ಹೊಂದಾಣಿಕೆ ಆಗದಿದ್ದರೆ

ಎಲ್ಲ ಮಾರ್ಗದರ್ಶಕರೂ ಒಂದೇ ರೀತಿ ಇರುವುದಿಲ್ಲ. ಕೆಲವರು ಮಕ್ಕಳ ಎದುರೇ ಗದರುತ್ತಾರೆ. ‘ಸರ್, ಎಲ್ಲವನ್ನೂ ಪಾಠದ ನಂತರ ಹೇಳಿ, ಖಂಡಿತ ತಿದ್ದಿಕೊಳ್ಳುತ್ತೇನೆ’ ಎಂದು ಒಬ್ಬರೇ ಇರುವಾಗ ಕೇಳಿಕೊಂಡರೆ ಬಹುಪಾಲು ಮಂದಿ ಒಪ್ಪುತ್ತಾರೆ. ಸಿಗುವುದೇ ಇಲ್ಲ ಎನ್ನುವವರಿಗೆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಯೋಜನೆಯ ಪುಸ್ತಕದಲ್ಲೇ ಅಂಟಿಸಿ ಕೊಡಿ.

ಸಹಿಗೆ, ಆಂತರಿಕ ಅಂಕಕ್ಕೆ ಹಣ ಅಥವಾ ಉಡುಗೊರೆ ಕೇಳಿದರೆ, ಸ್ವಂತ ಕೆಲಸ ಮಾಡಿಸಿಕೊಂಡರೆ ಅದು ಹೊಂದಾಣಿಕೆಯ ಪ್ರಶ್ನೆಯಲ್ಲ. ದಿನಾಂಕ ಸಹಿತ ಬರೆದಿಟ್ಟು ಪ್ರಾಂಶುಪಾಲರಿಗೆ, ಅಲ್ಲಿ ಕೇಳದಿದ್ದರೆ ವಿಶ್ವವಿದ್ಯಾಲಯಕ್ಕೆ ತಿಳಿಸಿ. ಲೈಂಗಿಕ ಕಿರುಕುಳವಾದರೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ಲಿಖಿತ ದೂರು ಕೊಡಿ. ಅಂಥ ಸಮಿತಿ ಇರುವುದು ಕಡ್ಡಾಯ.

ಮಾರ್ಗದರ್ಶಕರಿಗೂ ಒಂದು ಮಾತು

ಒಂದೇ ದಿನ ಐದು ಶಾಲೆ ಸುತ್ತಿ ಐದೈದು ನಿಮಿಷ ಇಣುಕುವುದಕ್ಕಿಂತ ಒಂದು ಪಾಠವನ್ನು ಬೆಲ್ ಹೊಡೆಯುವವರೆಗೆ ನೋಡುವುದು ಮೇಲು. ತಾವೇ ಒಂದು ಪೀರಿಯಡ್ ಪಾಠ ಮಾಡಿ, ಪ್ರಶಿಕ್ಷಣಾರ್ಥಿಗಳನ್ನು ಹಿಂದೆ ಕೂರಿಸಿ, ‘ಈಗ ನನ್ನ ಪಾಠದ ಬಗ್ಗೆ ಹೇಳಿ’ ಎಂದು ಕೇಳುವ ಉಪನ್ಯಾಸಕರ ಟೀಕೆಯನ್ನು ವಿದ್ಯಾರ್ಥಿಗಳು ಬೇಸರವಿಲ್ಲದೆ ಸ್ವೀಕರಿಸುತ್ತಾರೆ. ಷರಾ ಬರೆಯುವಾಗ ಮಗುವೊಂದು ಆಡಿದ ಮಾತನ್ನು ಇದ್ದಂತೆಯೇ ಬರೆದರೆ ಅದಕ್ಕಿಂತ ದೊಡ್ಡ ಹಿಮ್ಮಾಹಿತಿ ಇಲ್ಲ.

ಬಿ.ಇಡಿ. ಮುಗಿದು, ನೇಮಕಾತಿ ಆಗಿ, ಇಬ್ಬರೇ ಶಿಕ್ಷಕರಿರುವ ಶಾಲೆಗೆ ಹೋದ ಮೇಲೆ ನಿಮ್ಮ ಪಾಠ ನೋಡಲು ಬರುವವರು ವಿರಳ. ಕ್ಲಸ್ಟರ್‌ನ ಸಿಆರ್‌ಪಿ ಬಂದರೂ ದಾಖಲೆ ನೋಡುವುದರಲ್ಲೇ ಹೊತ್ತು ಹೋಗಬಹುದು. ಆಗ ಪಕ್ಕದ ತರಗತಿಯ ಮೇಷ್ಟ್ರನ್ನು ಕರೆದು, ‘ಸ್ವಲ್ಪ ಕೂತು ಇದೊಂದು ನೋಡಿ ಹೇಳ್ತೀರಾ?’ ಎಂದು ಕೇಳಲು ಸಂಕೋಚವಾಗಬಾರದು. ಮಾರ್ಗದರ್ಶಕರ ಬಳಿ ಇದ್ದಾಗ ಆ ಪ್ರಶ್ನೆ ಕೇಳಿ ಅಭ್ಯಾಸವಾದವರಿಗೆ ಸಂಕೋಚ ಆಗುವುದಿಲ್ಲ. ಹಾಗಾಗಿ ಈ ವಾರದ ಪಾಠದಿಂದಲೇ ಶುರು ಮಾಡಿ: ಯೋಜನೆಯ ಪುಸ್ತಕದ ಮೇಲ್ತುದಿಯಲ್ಲಿ, ಸಹಿ ಬೀಳುವ ಜಾಗಕ್ಕಿಂತ ಮೊದಲು, ಒಂದು ಪ್ರಶ್ನೆ ಬರೆದುಕೊಂಡು ಹೋಗಿ.